ಮಿರಜಿಗೆ ಕೊಟ್ಟ ಹುಡುಗಿಯ ಪಾಸ್‌ಪೋರ್ಟ್

ತಿಕೋಟಾ
ಬುಧವಾರ, 6 ಆಗಸ್ಟ್ 2025

ಪ್ರೀತಿಯ ರುಕ್ಸಾರ,

ನವೆಂಬರ್‌ನಲ್ಲಿ ಥಾಯ್ಲೆಂಡಿನಲ್ಲಿ ನಡೆಯುವ ಜೂನಿಯರ್ ರಸ್ತೆ ಸೈಕ್ಲಿಂಗ್ ಸ್ಪರ್ಧೆಯ ಭಾರತ ತಂಡದಲ್ಲಿ ನಿನ್ನ ಹೆಸರಿದೆ. ಹೀಗೆಂದು ನಿನ್ನ ಕೋಚ್ ಚೇತನಕುಮಾರ ಸರ್ ನಿನ್ನೆ ಸಂಜೆ ಫೋನ್ ಮಾಡಿ ತಿಳಿಸಿದರು. ನಿನಗೆ ನನಗಿಂತ ಮೊದಲೇ ಗೊತ್ತಾಗಿರುತ್ತದೆ. ಆದರೂ ಮನೆಗೆ ಬಂದ ಸುದ್ದಿ ಮನೆಯಿಂದಲೂ ನಿನಗೆ ತಲುಪಬೇಕು ಅನಿಸಿತು. ನಿಮ್ಮ ಹಾಸ್ಟೆಲಿನಲ್ಲಿ ಫೋನು ಕೈಗೆ ಕೊಡುವುದು ಭಾನುವಾರ ಮಾತ್ರ. ಆ ಹತ್ತು ನಿಮಿಷ ನಿನ್ನ ಅಮ್ಮಿಗೇ ಸಾಲುವುದಿಲ್ಲ. ಅದಕ್ಕೆ ಬುತ್ತಿಯ ಗಂಟಿನಲ್ಲಿ ರೊಟ್ಟಿಯ ಮೇಲೆ ಈ ಕಾಗದ ಇಟ್ಟು ವಿಜಯಪುರದ ಬಸ್ಸಿಗೆ ಕೊಡುತ್ತಿದ್ದೇನೆ. ಎಣ್ಣೆ ತಾಗದಂತೆ ನಿನ್ನೆಯ ಪುರವಣಿ ಸುತ್ತುತ್ತೇನೆ.

ಸರ್ ಇನ್ನೊಂದು ವಿಷಯ ಹೇಳಿದರು. ಪಾಸ್‌ಪೋರ್ಟಿನ ಪ್ರತಿ ಅಕ್ಟೋಬರ್ 25ರೊಳಗೆ ಫೆಡರೇಶನ್ನಿಗೆ ಮುಟ್ಟಬೇಕು. ಮುಟ್ಟದಿದ್ದರೆ ನಿನ್ನ ಜಾಗದಲ್ಲಿ ಮೀಸಲಾಗಿ ಕಾಯ್ದಿಟ್ಟ ಹುಡುಗಿಯನ್ನು ಕಳಿಸುತ್ತಾರೆ. “ಹುಡುಗಿ ರೆಡಿ ಅದಾಳ್ರಿ ಅಯೂಬ ಅವ್ರ, ಕಾಗದ ಅಷ್ಟ ರೆಡಿ ಇಲ್ಲ” ಎಂದರು.

ನಮ್ಮ ಓಣಿಯಲ್ಲಿ ಪಾಸ್‌ಪೋರ್ಟ್ ಮಾಡಿಸಿದವರು ಇಬ್ಬರೇ. ಇಬ್ಬರೂ ಹಜ್‌ಗೆ ಹೋಗಿ ಬಂದವರು. ಸೈಕಲ್ ತುಳಿಯಲು ಮಾಡಿಸುವವಳು ನೀನೇ ಮೊದಲು. ನಾಳೆ ನಾನು ಮನೆಮನೆಗೆ ಹಂಚುವ ಪತ್ರಿಕೆಯ ಲೆಕ್ಕ ಕೊಡಲು ಗಾಂಧಿ ಚೌಕಕ್ಕೆ ಹೋದಾಗ ಆರಿಫನ ಕಂಪ್ಯೂಟರ್ ಅಂಗಡಿಯಲ್ಲಿ ನಿನ್ನ ಅರ್ಜಿ ತುಂಬಿಸುತ್ತೇನೆ. ಜೂನ್‌ನಲ್ಲಿ ನಿನಗೆ ಹದಿನೆಂಟು ತುಂಬಿದ್ದು ಒಳ್ಳೆಯದಾಯಿತು, ಸಹಿ ನಿನ್ನದೇ ನಡೆಯುತ್ತದೆ. ನಿನ್ನನ್ನು ಬಲ್ಲ ಇಬ್ಬರು ನೆರೆಯವರ ಹೆಸರು ಬೇಕಂತೆ. ಎದುರುಮನೆಯ ಗೌರಾಬಾಯಿ ಮತ್ತು ಕಿರಾಣಿ ಅಂಗಡಿಯ ಅಬ್ದುಲಸಮದ ಎಂದು ಬರೆದುಕೊಂಡಿದ್ದೇನೆ. ನೀನು ಹುಟ್ಟಿದ ದಿನ ನೀರು ಕಾಯಿಸಿಕೊಟ್ಟವಳು ಗೌರಾಬಾಯಿ. ನಿನ್ನನ್ನು ಅವಳಷ್ಟು ಬಲ್ಲ ಸಾಕ್ಷಿ ಬೇರೆ ಸಿಗುವುದಿಲ್ಲ.

ತತ್ಕಾಲ್‌ನಲ್ಲಿ ಹಾಕಲೇ ಎಂದು ಆರಿಫ ಫೋನಿನಲ್ಲಿ ಕೇಳಿದ. ಸಮಯವಿದೆ, ಸಾಧಾರಣದಲ್ಲೇ ಹಾಕು ಎಂದಿದ್ದೇನೆ.

ತಿಕೋಟಾ ಸುದ್ದಿಯನ್ನೆಲ್ಲ ಪತ್ರಿಕೆಗೆ ಕಳಿಸುವವನು ನಾನೇ. ಆದರೆ ನಿನ್ನ ಆಯ್ಕೆಯ ಸುದ್ದಿ ಕಳಿಸಿಲ್ಲ. ಮಗಳ ಸುದ್ದಿ ಅಪ್ಪ ಬರೆಯುವುದು ಸರಿಯಲ್ಲ. ವಿಜಯಪುರದವರು ಬರೆಯಲಿ.

ನಿನ್ನ ಅಬ್ಬಾ,
ಅಯೂಬ


ವಿಜಯಪುರ
ಶನಿವಾರ, 9 ಆಗಸ್ಟ್ 2025

ಅಬ್ಬಾನಿಗೆ ಸಲಾಂ.

ನಿಮ್ಮ ಕಾಗದವನ್ನು ನನ್ನ ಕೋಣೆಯ ನೇತ್ರಾ ಎಲ್ಲರ ಮುಂದೆ ವಾರ್ತೆ ಓದಿದ ಹಾಗೆ ಓದಿದಳು. “ನಿಮ್ಮಪ್ಪ ನಿನಗ ಹುಶಾರಿದ್ದೀ ಏನ ಅಂತನೂ ಕೇಳಿಲ್ಲಲ್ಲೇ” ಎಂದಳು. “ಕೇಳ್ಯಾರ, ರೊಟ್ಟಿ ಎಣಿಸಿ ನೋಡು” ಎಂದೆ. ಹನ್ನೆರಡು ರೊಟ್ಟಿ, ಶೇಂಗಾ ಚಟ್ನಿ, ಪುಂಡಿಪಲ್ಯ. ನನ್ನ ಪಾಲಿಗೆ ಬಂದದ್ದು ಮೂರೇ ರೊಟ್ಟಿ. ಮುಂದಿನ ಬುತ್ತಿಯಲ್ಲಿ ಹದಿನೈದು ಇಡಲು ಅಮ್ಮಿಗೆ ಹೇಳಿ. ಖಾಲಿ ಡಬ್ಬಿ ಸಂಜೆಯ ಬಸ್ಸಿಗೆ ಇಡುತ್ತಿದ್ದೇನೆ.

ಈ ವಾರ ಸರ್ ನಮ್ಮನ್ನು ದಿನವೂ ಬಬಲೇಶ್ವರ ರಸ್ತೆಗೆ ಕಳಿಸುತ್ತಿದ್ದಾರೆ. ಸಾರವಾಡದ ಹತ್ತಿರ ಒಬ್ಬ ಟ್ರ್ಯಾಕ್ಟರಿನವನು ಮೂರು ದಿನದಿಂದ ನನ್ನ ಜೊತೆ ಪಂದ್ಯ ಕಟ್ಟುತ್ತಿದ್ದಾನೆ. ಅವನು ಇನ್ನೂ ಒಮ್ಮೆಯೂ ಗೆದ್ದಿಲ್ಲ.

ಒಂದು ಮಾತು, ಅಮ್ಮಿಗೆ ಹೇಳಬೇಡಿ. ಹೋದ ಭಾನುವಾರ ಸೈಕಲ್ ಮೇಲೆ ಊರಿಗೆ ಬಂದೆನಲ್ಲ, ಅಗಸಿಯ ಹತ್ತಿರ ಪೊಲೀಸ್ ಜೀಪು ಮುಂದೆ ಹೋಗುತ್ತಿತ್ತು. ವೇಗದಲ್ಲಿದ್ದೆ, ನಿಲ್ಲಲು ಮನಸ್ಸಾಗಲಿಲ್ಲ, ಹಿಂದೆ ಹಾಕಿಬಿಟ್ಟೆ. ಜೀಪಿನವರು ನಕ್ಕು ಕೈಮಾಡಿದರು. ಆದರೆ ಕಟ್ಟೆಯ ಮೇಲೆ ಕುಳಿತ ಗೌರಾ ಆಯಿ ಎದೆಯ ಮೇಲೆ ಕೈ ಇಟ್ಟುಕೊಂಡಿದ್ದಳು. “ಪೊಲೀಸರಿಗೇ ಹಿಂದ ಹಾಕ್ತಿಯೇನ ಬೇ, ಹಿಡಕೊಂಡು ಹೋಗ್ತಾರ ನಿನ್ನ” ಎಂದು ಬೈದಳು.

ರುಕ್ಸಾರ


ವಿಜಯಪುರ
ಬುಧವಾರ, 20 ಆಗಸ್ಟ್ 2025

ಅಮ್ಮಿ,

ಪಾಸ್‌ಪೋರ್ಟ್ ಕಚೇರಿಯಲ್ಲಿ ಏನಾಯಿತು ಎಂದು ನಾನೇ ಬರೆಯಬೇಕು ಎಂದೆಯಂತೆ. ಅಬ್ಬಾ ಹೇಳಿದರೆ ಬರೀ ಕೆಲಸ ಆಯಿತು ಎಂದಷ್ಟೇ ಹೇಳುತ್ತಾರೆ, ಅದು ನಿಜ.

ನಿನ್ನೆ ಅಬ್ಬಾ ಈದ್‌ಗೆ ಹಾಕುವ ಬಿಳಿ ಅಂಗಿ ಹಾಕಿಕೊಂಡು ಬಂದಿದ್ದರು. ಕೈಚೀಲದಲ್ಲಿ ನನ್ನ ಎಲ್ಲ ಅಂಕಪಟ್ಟಿ, ಒಂದನೇ ತರಗತಿಯದೂ ಸೇರಿ. “ಅದು ಬ್ಯಾಡ್ರಿ” ಎಂದು ನಾನು ಹೇಳಿದರೂ ಕೌಂಟರಿನ ಮೇಲೆ ಇಟ್ಟರು. ಫೋಟೋ ತೆಗೆಯುವ ಅಕ್ಕ ನನ್ನ ಮುಖ ನೋಡಿ, “ಗಲ್ಲದ ಮ್ಯಾಲ ಏನೋ ಹತ್ತೇತಿ, ಒರಸ್ಕೋ” ಎಂದಳು. “ಒರಸಿದ್ರ ಹೋಗೂದಿಲ್ರಿ ಅಕ್ಕಾ, ಹೆಲ್ಮೆಟ್ ಪಟ್ಟಿ ಗುರ್ತದು” ಎಂದೆ. ಪಟ್ಟಿ ಇದ್ದಲ್ಲಿ ಬಿಳಿ, ಉಳಿದದ್ದು ಕರಿ. ಅವಳು ನಗುತ್ತಲೇ ತೆಗೆದಳು. ಪಾಸ್‌ಪೋರ್ಟಿನಲ್ಲಿ ನಾನು ಎರಡು ಬಣ್ಣದ ಹುಡುಗಿ.

ಒಳಗೆ ಸಾಹೇಬರು, “ಎದಕ್ಕ ಹೊಂಟೀಯವ್ವಾ ಥಾಯ್ಲೆಂಡಿಗೆ?” ಎಂದು ಕೇಳಿದರು.

“ಸೈಕಲ್ ಹೊಡಿಯಾಕ್ರಿ.”

“ಇಲ್ಲಿ ರೋಡ್ ಇಲ್ಲೇನು?”

“ಇಲ್ಲಿ ಎಲ್ಲಾರ್ನೂ ಹಿಂದ ಹಾಕೀನಿ ಸರ್.”

ಅಬ್ಬಾ ಹಿಂದಿನಿಂದ ಕೆಮ್ಮಿದರು. ಸಾಹೇಬರು ಮುಖ ಮೇಲೆತ್ತಿ ನೋಡಿ, ಚೆನ್ನಾಗಿ ತುಳಿದು ಬಾ ಎಂದು ಹೇಳಿ ಕಳಿಸಿದರು. ಇನ್ನು ಪೊಲೀಸರು ನಮ್ಮ ಮನೆಗೆ ಬಂದು ವಿಚಾರಿಸುತ್ತಾರಂತೆ. ಅದು ಆದರೆ ಮುಗಿಯಿತು.

ಅಮ್ಮಿ, ಭಾನುವಾರ ಫೋನಿನಲ್ಲಿ ನೀನು ಏನೋ ಹೇಳಲು ಹೋಗಿ ಬಿಟ್ಟೆ. ಏನು?

ರುಕ್ಸಾರ


ತಿಕೋಟಾ
ಶನಿವಾರ, 13 ಸೆಪ್ಟೆಂಬರ್ 2025

ಪ್ರೀತಿಯ ರುಕ್ಸಾರ,

ನಿನ್ನ ಅರ್ಜಿ ತಡೆದು ನಿಂತಿದೆ. ಪೊಲೀಸ್ ವರದಿ ನಿನಗೆ ವಿರುದ್ಧವಾಗಿ ಹೋಗಿದೆ ಎಂದು ಆರಿಫ ನಿನ್ನೆ ಕಂಪ್ಯೂಟರಿನಲ್ಲಿ ನೋಡಿ ತಿಳಿಸಿದ. ಗಾಬರಿಯಾಗಬೇಡ. ಕಾರಣ ನಿನ್ನದಲ್ಲ.

ನಿನ್ನೆಯೇ ಠಾಣೆಗೆ ಹೋದೆ. ವಿಚಾರಣೆಗೆ ಬಂದಿದ್ದವರು ಕಾನ್‌ಸ್ಟೆಬಲ್ ಶಿವಶರಣಪ್ಪ, ಊರಿಗೆ ಹೊಸಬರು. ಅವರು ಹೇಳಿದ್ದು ಹೀಗೆ. ನಾಲ್ಕನೇ ತಾರೀಖು ಮಧ್ಯಾಹ್ನ ನಮ್ಮ ಓಣಿಗೆ ಬಂದಿದ್ದಾರೆ. ನಮ್ಮ ಮನೆಗೆ ಬೀಗ. ನಾನು ಬಾಕಿ ವಸೂಲಿಗೆ ಅರಕೇರಿಗೆ ಹೋಗಿದ್ದೆ, ನಿನ್ನ ಅಮ್ಮಿ ದ್ರಾಕ್ಷಿ ತೋಟದ ಕೆಲಸಕ್ಕೆ ಹೋಗಿದ್ದಳು. ಅರ್ಜಿಯಲ್ಲಿ ಸಾಕ್ಷಿಯ ಹೆಸರು ನೋಡಿಕೊಂಡು ಎದುರುಮನೆಯ ಬಾಗಿಲು ಬಡಿದಿದ್ದಾರೆ. ಗೌರಾಬಾಯಿ ಹೊರಗೆ ಬಂದಿದ್ದಾಳೆ. ಮೊಬೈಲಿನಲ್ಲಿ ನಿನ್ನ ಫೋಟೋ ತೋರಿಸಿದ್ದಾರೆ.

“ಈ ಹುಡುಗಿ ಇಲ್ಲೇ ಇರ್ತಾಳೇನ ಆಯಿ?”

“ಈಕೀನಾ? ಈಕಿ ಈಗೆಲ್ಲಿ ಅದಾಳೋ ಯಪ್ಪಾ! ಲಗ್ನ ಮಾಡಿ ಮಿರಜಕ್ಕ ಕೊಟ್ಟಾರ. ತಿಂಗಳ ಮ್ಯಾಲಾತು.”

“ಅಂದ್ರ ಈಗ ಅಲ್ಲೇ ಇರ್ತಾಳ?”

“ಮತ್ತ, ಲಗ್ನ ಆದಾಕಿ ಗಂಡನ ಮನ್ಯಾಗ ಇರದ ನಿಮ್ಮ ಠಾಣ್ಯಾಗ ಇರ್ತಾಳೇನ?”

ಶಿವಶರಣಪ್ಪ ಕಿರಾಣಿ ಅಂಗಡಿಗೂ ಹೋಗಿ ಕೇಳಿದ್ದಾರೆ. ಇಷ್ಟೆಲ್ಲವನ್ನೂ ಅಂಗಡಿಯಲ್ಲಿ ಕುಳಿತೇ ಕೇಳಿಸಿಕೊಂಡಿದ್ದ ಅಬ್ದುಲಸಮದ, “ಖರೇ ಐತ್ರಿ ಸಾಹೇಬ್ರ. ನಾನೂ ಲಗ್ನಕ್ಕ ಹೋಗಿದ್ದೆ. ಊಟ ಭಾಳ ಛಲೋ ಮಾಡಿಸಿದ್ರು” ಎಂದಿದ್ದಾನೆ. ನೀರು ತುಂಬುತ್ತಿದ್ದ ಹೆಂಗಸರೂ ತಲೆಯಾಡಿಸಿದ್ದಾರೆ. ನಮ್ಮ ಓಣಿಯವರೆಲ್ಲ ಒಂದು ವಿಷಯಕ್ಕೆ ಒಂದೇ ಮಾತು ಹೇಳಿದ್ದು ನನಗೆ ತಿಳಿದ ಮಟ್ಟಿಗೆ ಇದೇ ಮೊದಲು. ಅರ್ಜಿದಾರಳು ಮದುವೆಯಾಗಿ ಪರರಾಜ್ಯದಲ್ಲಿದ್ದಾಳೆ, ಕೊಟ್ಟ ವಿಳಾಸದಲ್ಲಿ ವಾಸವಿಲ್ಲ ಎಂದು ವರದಿ ಹೋಗಿದೆ. ಶಿವಶರಣಪ್ಪನವರ ತಪ್ಪೇನೂ ಇಲ್ಲ. ಹೇಳಿದ್ದನ್ನು ಬರೆದಿದ್ದಾರೆ. ನಾನಾದರೂ ಅದನ್ನೇ ಮಾಡುತ್ತಿದ್ದೆ.

ಗೌರಾಬಾಯಿಯನ್ನು ಕೇಳಿದೆ. ಅವಳು ನನ್ನ ಮೇಲೇ ತಿರುಗಿಬಿದ್ದಳು. “ಪೊಲೀಸಂವ ಬೆಳದ ಹುಡುಗಿ ಫೋಟೋ ಹಿಡಕೊಂಡು ಓಣಿಯೆಲ್ಲಾ ಕೇಳಾಕತ್ತಾನ. ಜೀಪಿಗಿ ಹಿಂದ ಹಾಕಿದ್ದಕ್ಕ ಹುಡುಕ್ಕೋತ ಬಂದಾನ ಅಂತ ತಿಳದೆ. ಹೌದು ಇಲ್ಲೇ ಅದಾಳ, ಒಯ್ಯಿ ಅಂತ ಕೊಡ್ಲೇನ ಹುಡುಗೀನ? ನೀ ನನಗ ಮದಲ ಒಂದ ಮಾತು ಹೇಳಬೇಕಿತ್ತಿಲ್ಲೋ ಅಯೂಬಾ? ಊರ ಸುದ್ದಿ ಎಲ್ಲಾ ಮನಿಮನಿಗೆ ಒಗೀತಿ, ಇದೊಂದ ನಿನ್ನ ಹೊಟ್ಯಾಗ ಇಟಕೊಂಡಿ!”

ಸಾಕ್ಷಿಗೆ ಹೆಸರು ಕೊಟ್ಟವನು ಸಾಕ್ಷಿಗೆ ಹೇಳಿರಲಿಲ್ಲ.

ಬೆಂಗಳೂರಿನ ಕಚೇರಿಗೆ ವಿವರಣೆ ಬರೆದು ಮರುಪರಿಶೀಲನೆ ಕೇಳಬೇಕು. ಸೋಮವಾರ ಆರಿಫನ ಅಂಗಡಿಯಲ್ಲಿ ಆ ಕೆಲಸ.

ಅಬ್ಬಾ


ವಿಜಯಪುರ
ಬುಧವಾರ, 17 ಸೆಪ್ಟೆಂಬರ್ 2025

ಅಬ್ಬಾನಿಗೆ ಸಲಾಂ.

ಓದಿ ಮೊದಲು ಅಳು ಬಂತು. ಆಮೇಲೆ ಅಬ್ದುಲಸಮದ ಚಾಚಾ ನನ್ನ ಲಗ್ನದ ಊಟ ಮಾಡಿದ ಸಾಲು ಬಂತು. ನಗು ತಡೆಯಲಾಗಲಿಲ್ಲ. ಈಗ ಇಡೀ ಹಾಸ್ಟೆಲು ನನ್ನನ್ನು ಅತ್ತಿಗೆ ಮಾಡಿಕೊಂಡು “ಮಿರಜದ ವೈನಿ” ಎಂದು ಕರೆಯುತ್ತಿದೆ. ಬೆಳಿಗ್ಗೆ ಸೈಕಲ್ ಹತ್ತುವಾಗ ನೇತ್ರಾ, “ವೈನಿ, ಸೆರಗು ಚೈನಿಗೆ ಸಿಗತೈತಿ, ನೋಡ್ಕೊಂಡು” ಎನ್ನುತ್ತಾಳೆ. ಸರ್ ಮಾತ್ರ ನಗಲಿಲ್ಲ. ಕಾಯ್ದಿಟ್ಟ ಹುಡುಗಿಯ ಪಾಸ್‌ಪೋರ್ಟ್ ಈಗಾಗಲೇ ಫೆಡರೇಶನ್ನಿಗೆ ಮುಟ್ಟಿದೆಯಂತೆ. ಅದನ್ನು ಕೇಳಿದ ದಿನ ನನ್ನ ಅಭ್ಯಾಸ ಚೆನ್ನಾಗಿ ಆಗಲಿಲ್ಲ.

ಗೌರಾ ಆಯಿಗೆ ಬೈಯಬೇಡಿ. ನನ್ನನ್ನು ಬಚ್ಚಿಡಲು ಅವಳು ಪೊಲೀಸರಿಗೇ ಸುಳ್ಳು ಹೇಳಿದ್ದಾಳೆ. ನನಗಾಗಿ ಬೇರೆ ಯಾರು ಅಷ್ಟು ಮಾಡುತ್ತಾರೆ?

ಆದರೆ ಒಂದು ವಿಷಯ ತಿಳಿಯಲಿಲ್ಲ. ಗೌರಾ ಆಯಿ ಕಂಡ ದೂರದ ಊರು ಎಂದರೆ ಪಂಢರಪುರ, ಬಿಟ್ಟರೆ ಅಥಣಿ. ಗಾಬರಿಯಲ್ಲಿ ಸುಳ್ಳು ಹೇಳುವವಳ ಬಾಯಿಗೆ ಆ ಎರಡರಲ್ಲಿ ಒಂದು ಬರಬೇಕಿತ್ತು. ಮಿರಜ ಎಲ್ಲಿಂದ ಬಂತು ಅಬ್ಬಾ?

ರುಕ್ಸಾರ


ತಿಕೋಟಾ
ಶನಿವಾರ, 20 ಸೆಪ್ಟೆಂಬರ್ 2025

ಪ್ರೀತಿಯ ರುಕ್ಸಾರ,

ಮರುಪರಿಶೀಲನೆಯ ಕೋರಿಕೆ ಬೆಂಗಳೂರಿಗೆ ತಲುಪಿದೆ. ಈ ವಿಷಯವನ್ನು ಆರಿಫ ಖಚಿತಪಡಿಸಿದ. ಹಾಸ್ಟೆಲಿನ ಪ್ರಮಾಣಪತ್ರ, ನಿನ್ನ ಕಾಲೇಜಿನ ಪತ್ರ, ಚೇತನಕುಮಾರ ಸರ್ ಬರೆದುಕೊಟ್ಟ ಆಯ್ಕೆಯ ಪತ್ರ ಜೊತೆಗಿಟ್ಟಿದ್ದೇವೆ. ನೀನು ಅವಿವಾಹಿತೆ ಎಂದು ನಾನೂ ನಿನ್ನ ಅಮ್ಮಿಯೂ ಸಹಿ ಮಾಡಿದ್ದೇವೆ. ಬೆಂಗಳೂರಿನಿಂದ ಆದೇಶ ಬಂದ ದಿನವೇ ಓಣಿಗೆ ಬರುವುದಾಗಿ ಶಿವಶರಣಪ್ಪ ಹೇಳಿದ್ದಾರೆ. “ಈ ಸಲ ನಾ ಬರೂ ಮದಲ ನಿಮ್ಮ ಓಣಿಯವರಿಗಿ ಡಂಗುರಾ ಸಾರ್ರಿ ಅಯೂಬಣ್ಣ” ಎಂದರು.

ಇಲ್ಲಿ ಎರಡು ದಿನದಿಂದ ಮಳೆ. ಪತ್ರಿಕೆಗಳನ್ನು ಪ್ಲಾಸ್ಟಿಕ್ ಹಾಕಿ ಹಂಚುತ್ತಿದ್ದೇನೆ. ರೊಟ್ಟಿ ಹದಿನೈದು ಇವೆ.

ಅಬ್ಬಾ


ವಿಜಯಪುರ
ಬುಧವಾರ, 24 ಸೆಪ್ಟೆಂಬರ್ 2025

ಅಬ್ಬಾ,

ಮಳೆ ಬಂದದ್ದು ತಿಳಿಯಿತು, ರೊಟ್ಟಿಯೂ ತಲುಪಿದವು. ಕೇಳಿದ ಒಂದು ಪ್ರಶ್ನೆಗೆ ಮಾತ್ರ ಉತ್ತರ ಬರಲಿಲ್ಲ.

ಭಾನುವಾರ ಫೋನಿನಲ್ಲಿ ಮಿರಜ ಎಂದ ಕೂಡಲೇ ಅಮ್ಮಿ ಒಲೆಯ ಮೇಲೆ ಹಾಲಿದೆ ಎಂದು ಇಟ್ಟುಬಿಟ್ಟಳು. ಅದು ಸಂಜೆ ಐದು ಗಂಟೆ. ನಮ್ಮ ಮನೆಗೆ ಹಾಲು ಬರುವುದು ಏಳಕ್ಕೆ.

ರುಕ್ಸಾರ


ತಿಕೋಟಾ
ಶನಿವಾರ, 27 ಸೆಪ್ಟೆಂಬರ್ 2025

ರುಕ್ಸಾರ ಬೇಟಾ,

ನಿಮ್ಮಬ್ಬಾ ಬರೀತೀನಿ ಅಂತ ಪೆನ್ ಹಿಡಕೊಂಡು ಕುಂತರು. ಎರಡು ಹಾಳಿ ಹರದು ಒಗದ್ರು. “ಖಚಿತ ಆಗದ ಸುದ್ದಿ ಬರಿಯೂದು ನನಗ ರೂಢಿ ಇಲ್ಲ ತಸ್ಲೀಮ” ಅಂದ್ರು. ಅದಕ್ಕ ಪೆನ್ ನಾ ಕಸಗೊಂಡೀನಿ. ನನಗ ನಿಮ್ಮಂಗ ಬರಿಯಾಕ ಬರೂದಿಲ್ಲ, ಮಾತಾಡಿದಂಗ ಬರೀತೀನಿ, ಓದು.

ಮಿರಜದವರು ಇರೂದು ಖರೆ. ಮಾಬುಬಿ ಖಾಲಾ ತಂದ ಸಂಬಂಧ. ಹುಡುಗ ಔಷಧ ಅಂಗಡಿ ಇಟ್ಟಾನ. ಮಂದಿ ಛಲೋ ಅದಾರ. ಬಕ್ರೀದ್ ಆದ ಮ್ಯಾಲ ಬಂದು ಕೇಳಿದ್ರು. ಆವಾಗ ಇನ್ನ ವಿಚಾರ ಮಾಡ್ತೀವಿ ಅಂದೆ. ನೀ ಪಾಸಾದಿ ಅಂತ ಸುದ್ದಿ ಬಂದ ಮ್ಯಾಲ ಮತ್ತ ಫೋನ್ ಮಾಡಿದ್ರು. “ಹುಡುಗಿ ಪರದೇಶಕ್ಕ ಹೊಂಟಾಳ, ಬಂದ ಮ್ಯಾಲ ನೋಡೂಣು” ಅಂದೆ. “ಹೋಗೂದು ಆಗದಿದ್ರ?” ಅಂದ್ರು. “ಆಗದಿದ್ರ ದೀಪಾವಳಿ ಆದ ಮ್ಯಾಲ ಬರ್ರಿ, ಮಾತು ಮುಗಸೂಣು” ಅಂದೆ. ಬಾಯಿಗೆ ಬಂತು, ಅಂದುಬಿಟ್ಟೆ.

ಇದನ್ನ ಗೌರಾಬಾಯಿ ಮುಂದ ಹೇಳಿದ್ದೆ. ನಿನ್ನ ಮುಂದ ಹೇಳಲಿಲ್ಲ. ಸೈಕಲ್ ಮ್ಯಾಲ ಇದ್ದಾಗ ತಲಿಯಾಗ ಬ್ಯಾರೆ ವಿಚಾರ ಬಂದ್ರ ಬೀಳ್ತಿ ಅಂತ ಹೆದರಿಕಿ. ಅದು ಅರ್ಧಾ ಕಾರಣ. ಇನ್ನ ಅರ್ಧಾ, ನೀ ಸಿಟ್ಟಿಗೇಳ್ತಿ ಅಂತ.

ಆ ದಿನ ಸಂಜಿಕ ತ್ವಾಟದಿಂದ ಬಂದೆ. ಗೌರಾಬಾಯಿ ಬಾಗಲದಾಗ ನಿಂತು, “ತಸ್ಲೀಮ, ಪೊಲೀಸ ಬಂದಿದ್ದ, ನಿನ್ನ ಮಗಳ ಮಿರಜದಾಗ ಬಾಳೇ ಮಾಡಾಕತ್ತಾಳ ಅಂತ ಹೇಳಿ ಕಳಿಸೀನಿ, ನೀ ಚಿಂತಿ ಮಾಡಬ್ಯಾಡ” ಅಂದ್ಲು. ಆಮ್ಯಾಲ ಎಲ್ಲಾರೂ ನಕ್ಕಾರ, ನಿಮ್ಮಬ್ಬಾನೂ ನಕ್ಕಾರ. ನನಗ ನಗು ಬರಲಿಲ್ಲ. ಒಳಗ ಬಂದೆ. ಗ್ವಾಡಿ ಮೊಳಿಗೆ ನಿನ್ನ ಹಳೇ ಟೈರ್ ತೂಗಹಾಕಿತ್ತು. ಲಗ್ನ ಆಗಿ ಹ್ವಾದ ಮ್ಯಾಲ ಇದನ್ನ ಯಾರಿಗಿ ಕೊಡೂದು ಅಂತ ವಿಚಾರ ಬಂತು. ಅಲ್ಲೇ ಕುಂತೆ. ಚಹಾ ಮಾಡೂದೂ ಮರತೆ. ಪೊಲೀಸ ಜೀಪಿನ ಸಲುವಾಗಿ ಬಂದಿದ್ದ ಅಂತ ಗೌರಾಬಾಯಿ ಅಂದದ್ದನ್ನ ನಂಬಿ, ನಿಮ್ಮಬ್ಬಾನ ಮುಂದೂ ಆವಾಗ ಹೇಳಲಿಲ್ಲ. ಬರೇ ಸುಳ್ಳ ಮಾತಿಗೇ ಇಷ್ಟೊಂದು ಸಂಕಟ ಆತು ನನಗ.

ಈಗ ನೀ ಏನಂತಿ ಬರಿ. ನಿನ್ನ ಕೇಳದ ಅವರಿಗಿ ಏನೂ ಹೇಳೂದಿಲ್ಲ.

ಡಬ್ಬ್ಯಾಗ ಕರಿಗಡಬು ಅದಾವ. ಗೌರಾಬಾಯಿ ಮಾಡಿ ಕೊಟ್ಟಾಳ, ತಪ್ಪ ಮಾಡೀನಿ ಅಂತ. ಆ ಹುಡುಗಿ ನೇತ್ರಾಗೂ ಕೊಡು.

ನಿನ್ನ ಅಮ್ಮಿ,
ತಸ್ಲೀಮ


ವಿಜಯಪುರ
ಬುಧವಾರ, 1 ಅಕ್ಟೋಬರ್ 2025

ಅಮ್ಮಿ,

ನಿನ್ನ ಕಾಗದ ಬಂದ ದಿನ ಸಿಟ್ಟು ಬಂದಿತ್ತು. ಶನಿವಾರವೇ ಉತ್ತರ ಬರೆದಿದ್ದರೆ ಬೇರೆ ತರಹ ಇರುತ್ತಿತ್ತು. ಮಾರನೆಯ ದಿನ ಸಾರವಾಡದವರೆಗೆ ಎರಡು ಸಲ ಹೋಗಿ ಬಂದೆ. ಈಗ ಸಿಟ್ಟಿಲ್ಲ.

ಮಿರಜದವರು ಒಳ್ಳೆಯವರೇ ಇರಬಹುದು. ಅವರ ಬಗ್ಗೆ ನನ್ನ ತಕರಾರು ಇಲ್ಲ. ಆದರೆ ನೀನು ಅವರಿಗೆ ಹೇಳಿದ ಮಾತು ನೋಡು. ಪಾಸ್‌ಪೋರ್ಟ್ ಬಂದರೆ ಒಂದು ಉತ್ತರ, ಬಾರದಿದ್ದರೆ ಇನ್ನೊಂದು. ಹಾಗಾದರೆ ನನ್ನ ಲಗ್ನ ನಿಶ್ಚಯಿಸುವವನು ಪೋಸ್ಟ್‌ಮ್ಯಾನ್ ಆದ ಹಾಗಾಯಿತು.

ನೀನು ಕೇಳಿದೆ, ಹೇಳುತ್ತೇನೆ. ನನಗೆ ಇನ್ನು ಮೂರು ವರ್ಷ ಬೇಕು. ಥಾಯ್ಲೆಂಡಿಗೆ ಹೋದರೂ ಬೇಕು, ಹೋಗದಿದ್ದರೂ ಬೇಕು. ಈ ಸಲ ಆಗದಿದ್ದರೆ ಸೀನಿಯರ್ ತಂಡಕ್ಕೆ ಪ್ರಯತ್ನಿಸುತ್ತೇನೆ. ಆಮೇಲೆ ನೀನೇ ನೋಡು, ನಾನು ಬೇಡ ಅನ್ನುವುದಿಲ್ಲ. ಆದರೆ ಗೌರಾ ಆಯಿಗಿಂತ ಮೊದಲು ನನಗೆ ಹೇಳಬೇಕು.

ಕರಿಗಡಬು ಮುಗಿದವು. ಹುಡುಗಿಯರು ನಿಮ್ಮ ಆಯಿ ಇನ್ನೊಂದು ಸುಳ್ಳು ಯಾವಾಗ ಹೇಳುತ್ತಾಳೆ ಎಂದು ಕೇಳುತ್ತಿದ್ದಾರೆ.

ನಿನ್ನ ರುಕ್ಸಾರ


ತಿಕೋಟಾ
ಶನಿವಾರ, 11 ಅಕ್ಟೋಬರ್ 2025

ಪ್ರೀತಿಯ ರುಕ್ಸಾರ,

ಮರುಪರಿಶೀಲನೆ ಮುಗಿದಿದೆ. ವರದಿ ನಿನ್ನ ಪರವಾಗಿ ಗುರುವಾರ ರಾತ್ರಿಯೇ ಹೋಗಿದೆ ಎಂದು ಕಾನ್‌ಸ್ಟೆಬಲ್ ಶಿವಶರಣಪ್ಪ ತಿಳಿಸಿದ್ದಾರೆ.

ಗುರುವಾರ ಬೆಳಿಗ್ಗೆ ನೀನು ಠಾಣೆಯಲ್ಲಿ ಸಹಿ ಮಾಡಿ ಅಲ್ಲಿಂದಲೇ ಸೈಕಲ್ ಹತ್ತಿ ಹೋದೆ. ಅನಂತರ ಓಣಿಯಲ್ಲಿ ನಡೆದದ್ದು ನಿನಗೆ ಗೊತ್ತಿಲ್ಲ. ಶಿವಶರಣಪ್ಪ ನೆರೆಯವರ ಹೇಳಿಕೆಗೆ ಬಂದಾಗ ಗೌರಾಬಾಯಿ ಹೊಸ ಇಳಕಲ್ ಸೀರೆ ಉಟ್ಟು ಕಟ್ಟೆಯ ಮೇಲೆ ಸಿದ್ಧವಾಗಿ ಕುಳಿತಿದ್ದಳು. ಕೇಳುವ ಮೊದಲೇ ಶುರು ಮಾಡಿದಳು.

“ಬರಕೋ ಯಪ್ಪಾ. ಈ ಹುಡುಗಿ ಇದ ಓಣ್ಯಾಗ ಹುಟ್ಟ್ಯಾಳ. ಇದ ಓಣ್ಯಾಗ ಬೆಳದಾಳ. ಇಲ್ಲೇ ಅದಾಳ, ಇಲ್ಲೇ ಇರ್ತಾಳ, ಎಲ್ಲೂ ಹೋಗೂದಿಲ್ಲ.”

“ಎಲ್ಲೂ ಹೋಗೂದಿಲ್ಲ ಅಂದ್ರ ಪಾಸ್‌ಪೋರ್ಟ್ ಯಾಕ ಬೇಕ ಆಯಿ?”

“ಹೋಗ್ತಾಳ, ಹೋಗಿ ಬರ್ತಾಳ. ಹಂಗ ಬರಕೋ.”

“ಹೋದ ಸಲ ಮಿರಜಕ್ಕ ಕೊಟ್ಟೀವಿ ಅಂದಿದ್ರಿ?”

ಗೌರಾಬಾಯಿ ಸ್ವಲ್ಪ ಯೋಚಿಸಿದಳು. “ಕೊಟ್ಟಿದ್ವಿ, ತಿರಗಿ ಕರಕೊಂಡ ಬಂದೀವಿ ಅಂತ ಬರಕೋ.”

“ಆಯಿ, ಕೈ ಮುಗೀತೀನಿ. ಹಂಗ ಬರದ್ರ ಅದು ಬ್ಯಾರೆ ಕೇಸ್ ಆಗತೈತಿ!”

ಅಬ್ದುಲಸಮದನ ಸರದಿ ಬಂತು. ಲಗ್ನದ ಊಟದ ವಿಷಯ ಕೇಳಿದಾಗ, “ಊಟ ಮಾಡಿದ್ದು ಖರೇರಿ, ಯಾರ ಲಗ್ನ ಅನ್ನೂದು ನೆಪ್ಪಿಲ್ಲ” ಎಂದ. ಜನ ನಗುತ್ತಿದ್ದರು. ಆಗ ನಿನ್ನ ಅಮ್ಮಿ ಒಳಗಿನಿಂದ ಬಂದಳು. ಅವಳು ಓಣಿಯ ನಡುವೆ ನಿಂತು ಗಂಡಸರ ಮುಂದೆ ಮಾತಾಡಿದ್ದನ್ನು ನಾನು ಇಷ್ಟು ವರ್ಷದಲ್ಲಿ ನೋಡಿರಲಿಲ್ಲ.

“ನಾ ಹುಡುಗಿ ತಾಯಿ ಅದೀನ್ರಿ. ನಾ ಹೇಳೂದು ಬರಕೋರಿ. ಲಗ್ನ ಆಗಿಲ್ಲ. ಮಾತುಕತಿನೂ ಆಗಿಲ್ಲ.”

“ಲಗ್ನ ಆಗಿಲ್ಲ ಅನ್ನೂದು ಬರಕೋತೀನ್ರಿ ಅಮ್ಮಾ. ಮಾತುಕತಿಗೆ ಇದರಾಗ ಜಾಗಾ ಇಲ್ಲ.”

“ಇರ್ಲಿರಿ. ಆದ್ರೂ ಬರಕೋರಿ.”

ಶಿವಶರಣಪ್ಪ ನನ್ನ ಮುಖ ನೋಡಿದರು. ಬರೆದುಕೊಳ್ಳಿ ಎಂದು ನಾನೂ ಹೇಳಿದೆ. ಅವರು ಬರೆದುಕೊಂಡರೋ ಇಲ್ಲವೋ ತಿಳಿಯದು. ಓಣಿಯವರೆಲ್ಲ ಕೇಳಿಸಿಕೊಂಡರು. ಮಾಬುಬಿ ಖಾಲಾಗೆ ಸಂಜೆಯೊಳಗೆ ಸುದ್ದಿ ಮುಟ್ಟಿದೆ. ಶುಕ್ರವಾರ ಮಿರಜಿನಿಂದ ಫೋನ್ ಬಂತು. ಬರುವುದು ಬೇಡವೇ ಎಂದು ಕೇಳಿದರು. ಬನ್ನಿ, ಎದುರಿಗೇ ಕುಳಿತು ಮಾತಾಡೋಣ ಎಂದು ನಿನ್ನ ಅಮ್ಮಿ ಹೇಳಿದಳು.

ಪಾಸ್‌ಪೋರ್ಟ್ ಮುದ್ರಣಕ್ಕೆ ಹೋಗಬೇಕು, ಬಳಿಕ ಸ್ಪೀಡ್ ಪೋಸ್ಟ್. ನಡುವೆ ದೀಪಾವಳಿಯ ರಜೆ ಇದೆ. 25ರೊಳಗೆ ಬರುವುದೆಂದು ಆರಿಫ ಹೇಳುತ್ತಾನೆ. ನಾನು ಹಾಗೆ ಬರೆಯುವುದಿಲ್ಲ. ಬಂದ ಮೇಲೆ ಬರೆಯುತ್ತೇನೆ.

ಅಬ್ಬಾ


ತಿಕೋಟಾ
ಬುಧವಾರ, 22 ಅಕ್ಟೋಬರ್ 2025

ಪ್ರೀತಿಯ ರುಕ್ಸಾರ,

ನಿನ್ನ ಪಾಸ್‌ಪೋರ್ಟ್ ಬಂದಿದೆ. ನಿನ್ನೆ ಮಧ್ಯಾಹ್ನ ಪೋಸ್ಟ್‌ಮ್ಯಾನ್ ನಿನ್ನ ಅಮ್ಮಿಯ ಕೈಗೆ ಕೊಟ್ಟು ಸಹಿ ಪಡೆದರು. ನಾನು ಮನೆಯಲ್ಲಿರಲಿಲ್ಲ. ಅವಳೇ ಫೋನ್ ಮಾಡಿ, “ಬಂತ್ರಿ” ಎಂದಳು. ಏನು ಬಂತು ಎಂದು ನಾನು ಕೇಳಲಿಲ್ಲ.

ಪ್ರತಿಯನ್ನು ಆರಿಫ ನಿನ್ನೆಯೇ ಚೇತನಕುಮಾರ ಸರ್‌ಗೆ ಕಳಿಸಿದ. ಫೆಡರೇಶನ್ನಿಗೆ ಮುಟ್ಟಿದೆ, ತಂಡದಲ್ಲಿ ನಿನ್ನ ಹೆಸರು ಗಟ್ಟಿಯಾಗಿದೆ ಎಂದು ಸರ್ ಇಂದು ಬೆಳಿಗ್ಗೆ ತಿಳಿಸಿದರು. ಫೋಟೋದಲ್ಲಿ ನಿನ್ನ ಗಲ್ಲದ ಪಟ್ಟಿ ಸ್ಪಷ್ಟವಾಗಿ ಬಂದಿದೆ. ಗೌರಾಬಾಯಿ ಕನ್ನಡಕ ಹಾಕಿಕೊಂಡು ಪುಟಪುಟವೂ ತಿರುಗಿಸಿದಳು. “ಇಷ್ಟ ಹಾಳಿ ಖಾಲಿ ಅದಾವಲ್ಲೋ, ಇವನ್ನ ಯಾರ ತುಂಬಾವರು?” ಎಂದಳು. ನಿನ್ನ ಅಮ್ಮಿ ಅವಳ ಕೈಯಿಂದ ತೆಗೆದುಕೊಂಡು ಕಪಾಟಿನಲ್ಲಿಟ್ಟಳು. ಬುತ್ತಿಯಲ್ಲಿ ಕಳಿಸಲು ಒಪ್ಪಲಿಲ್ಲ. ಶುಕ್ರವಾರ ನಾನೇ ತಂದು ಕೊಡುತ್ತೇನೆ.

ಭಾನುವಾರ ಸಂಜೆ ಐದು ಗಂಟೆಗೆ ಮಿರಜದವರು ಬರುತ್ತಾರೆ. ನಿನ್ನ ಅಮ್ಮಿ ಮಾತಾಡುತ್ತಾಳೆ. ಮೂರು ವರ್ಷದ ಮಾತು ಅವಳೇ ಹೇಳುತ್ತಾಳಂತೆ. ನನಗೆ ಚಹಾ ಕೊಡುವ ಕೆಲಸ ಹೇಳಿದ್ದಾಳೆ. ನೀನು ಬರಬೇಕಾಗಿಲ್ಲ. ಅಂದು ನಿನಗೆ ಬಬಲೇಶ್ವರ ರಸ್ತೆಯಲ್ಲಿ ಎಂಬತ್ತು ಕಿಲೋಮೀಟರ್ ಅಭ್ಯಾಸವಿದೆ ಎಂದು ಚೇತನಕುಮಾರ ಸರ್ ತಿಳಿಸಿದ್ದಾರೆ.

ನಿನ್ನ ಅಬ್ಬಾ,
ಅಯೂಬ